ಪುಟ್ಟ ಆರ್ಕಿಡ್ ಸೊರಗಿದೆಯಾ? ಎಲೆ ಆಮೇಲೆ, ಮೊದಲು ಬೇರು ನೋಡಿ

ಎಲೆ ಸುಕ್ಕಾದ ತಕ್ಷಣ ಕೈ ತಾನಾಗಿ ನೀರಿನ ಚೊಂಬಿನ ಕಡೆ ಹೋಗುತ್ತದೆ, ಅಲ್ವಾ? ಒಂದು ನಿಮಿಷ ತಡೆಯಿರಿ. ಮರದ ಮೇಲೆ ಬೆಳೆಯುವ ಆರ್ಕಿಡ್‌ಗೆ ನೀರು ಕಡಿಮೆಯಾದರೂ ಎಲೆ ಸುಕ್ಕಾಗುತ್ತದೆ, ನೀರು ಜಾಸ್ತಿಯಾಗಿ ಬೇರು ಕೊಳೆತರೂ ಹಾಗೇ ಸುಕ್ಕಾಗುತ್ತದೆ. ಕೊಳೆತ ಬೇರು ನೀರು ಎಳೆಯುವುದಿಲ್ಲ, ಹಾಗಾಗಿ ಒದ್ದೆ ಕುಂಡದಲ್ಲಿ ಕೂತೇ ಗಿಡ ಬಾಯಾರಿ ಒಣಗುತ್ತದೆ. ಹೊರಗಿನಿಂದ ನೋಡಿದರೆ ಎರಡಕ್ಕೂ ವ್ಯತ್ಯಾಸ ಇಲ್ಲ. ಮಾಡಬೇಕಾದ್ದು ಮಾತ್ರ ಪೂರ್ತಿ ಉಲ್ಟಾ. ಮನೆಯಲ್ಲಿ ಸಾಯುವ ಪುಟ್ಟ ಆರ್ಕಿಡ್‌ಗಳಲ್ಲಿ ಹೆಚ್ಚಿನವು ಸಾಯುವುದು ಇಲ್ಲೇ ಅಂತ ನನಗೆ ಅನಿಸುತ್ತದೆ: ಬೇರು ನೋಡದೆ, ಎಲೆ ನೋಡಿ ನೀರು ಹಾಕಿದ್ದರಿಂದ.

ಇಲ್ಲಿ ಉದಾಹರಣೆಗೆ ಫೆಲನಾಪ್ಸಿಸ್ ಈಕ್ವೆಸ್ಟ್ರಿಸ್ ಅನ್ನು ಇಟ್ಟುಕೊಂಡಿದ್ದೇನೆ. ಫಿಲಿಪ್ಪೀನ್ಸ್ ಮತ್ತು ತೈವಾನ್ ಮೂಲದ ಚಿಕ್ಕ ಗಿಡ. ಎಲೆ ಗೇಣುದ್ದ ದಾಟುವುದು ಅಪರೂಪ, ಹೂವು 2ರಿಂದ 3 ಸೆಂ.ಮೀ. ಅಷ್ಟೇ. ಮಿನಿ ಫೆಲನಾಪ್ಸಿಸ್ ಅಂತ ಸಿಗುವ ಎಷ್ಟೋ ಮಿಶ್ರತಳಿಗಳ ಹಿಂದೆ ಇದರ ರಕ್ತ ಇದೆ, ಹಾಗಾಗಿ ಹೆಸರು ಗೊತ್ತಿಲ್ಲದ ಮಿನಿ ಗಿಡ ನಿಮ್ಮ ಹತ್ತಿರ ಇದ್ದರೂ ಕೆಳಗಿನದ್ದು ಬಹುತೇಕ ಹೊಂದುತ್ತದೆ.

ಎಲೆ ಹೇಳುವುದು ಹಳೇ ಸುದ್ದಿ

ಈ ಗಿಡದ ಎಲೆ ದಪ್ಪ, ಅದರೊಳಗೆ ನೀರು ಕೂಡಿಟ್ಟುಕೊಂಡಿರುತ್ತದೆ. ಹಗಲಿನ ಬಿಸಿಲಿಗೆ ನೀರು ಆವಿಯಾಗಿ ಹೋಗಬಾರದು ಅಂತ ಎಲೆಯ ಸಣ್ಣ ರಂಧ್ರಗಳನ್ನು ಹಗಲು ಮುಚ್ಚಿಕೊಂಡು ರಾತ್ರಿ ತೆರೆಯುತ್ತದೆ. ಇಂಗಾಲದ ಡೈಆಕ್ಸೈಡನ್ನು ರಾತ್ರಿಯೇ ಒಳಗೆ ತಗೊಂಡು ಆಮ್ಲದ ರೂಪದಲ್ಲಿ ಇಟ್ಟುಕೊಂಡು, ಬೆಳಕು ಬಂದ ಮೇಲೆ ಬಳಸುತ್ತದೆ. ಕ್ಯಾಮ್ ಅಂತ ಕರೆಯುವ ಈ ವಿಧಾನದ ಸಸ್ಯಗಳ ಪೈಕಿ ಪೂರ್ತಿ ಜೀನೋಮ್ (ವಂಶವಾಹಿಗಳ ಇಡೀ ಮಾಹಿತಿ) ಮೊದಲು ಓದಿದ್ದು ಇದೇ ಈಕ್ವೆಸ್ಟ್ರಿಸ್‌ನದು, 2014ರಲ್ಲಿ ಪ್ರಕಟವಾಯಿತು. ಇಷ್ಟು ಪುಟ್ಟ ಗಿಡಕ್ಕೆ ಅದು ಸಣ್ಣ ಗೌರವ ಅಲ್ಲ.

ಇದನ್ನು ಯಾಕೆ ಹೇಳಿದೆ ಅಂದರೆ, ಹೀಗೆ ಉಳಿತಾಯ ಮಾಡಿಕೊಂಡು ಬದುಕುವ ಗಿಡ ತೊಂದರೆಯನ್ನು ತಕ್ಷಣ ತೋರಿಸುವುದಿಲ್ಲ. ಇವತ್ತು ಎಲೆ ಸುಕ್ಕಾಗಿದೆ ಅಂದರೆ ಬೇರಿನಲ್ಲಿ ಏನೋ ಕೆಟ್ಟು ಎಷ್ಟೋ ವಾರ ಆಗಿದೆ. ಸರಿಪಡಿಸಿದ ಮೇಲೂ ಅಷ್ಟೇ, ಎಲೆ ಕೂಡಲೇ ಬಿಗಿಯಾಗುವುದಿಲ್ಲ. ಹಳೇ ಎಲೆಯ ಸುಕ್ಕು ಕೆಲವೊಮ್ಮೆ ಹೋಗುವುದೇ ಇಲ್ಲ. ಗಿಡ ಚೇತರಿಸಿಕೊಂಡಿತಾ ಅಂತ ತಿಳಿಯಬೇಕಾದರೆ ಹೊಸ ಬೇರಿನ ತುದಿ ಮತ್ತು ಹೊಸ ಎಲೆಯನ್ನು ನೋಡಿ. ಎರಡು ದಿನದಲ್ಲಿ ಎಲೆ ಸರಿಹೋಗಲಿಲ್ಲ ಅಂತ ಮತ್ತೊಂದು ಔಷಧಿ, ಮತ್ತೊಂದು ಜಾಗ, ಮತ್ತೊಂದು ಗೊಬ್ಬರ ಅಂತ ಬದಲಾಯಿಸುತ್ತಾ ಹೋದರೆ ಯಾವುದರಿಂದ ಏನಾಯಿತು ಅಂತಲೇ ಗೊತ್ತಾಗುವುದಿಲ್ಲ. ಒಂದು ಸಲಕ್ಕೆ ಒಂದೇ ಬದಲಾವಣೆ.

ಬೇರು ನೋಡುವ ರೀತಿ

ಗಿಡ ಪಾರದರ್ಶಕ ಪ್ಲಾಸ್ಟಿಕ್ ಕುಂಡದಲ್ಲಿದ್ದರೆ ಅರ್ಧ ಕೆಲಸ ಸುಲಭ. ಬೇರಿನ ಮೇಲೆ ಸ್ಪಂಜಿನಂಥ ಒಂದು ಹೊದಿಕೆ ಇದೆ, ವೆಲಮೆನ್ ಅಂತ ಹೆಸರು. ಸತ್ತ ಜೀವಕೋಶಗಳ ಪದರ ಅದು, ಮಳೆ ನೀರು ಬಿದ್ದ ಕ್ಷಣದಲ್ಲೇ ಹೀರಿಕೊಳ್ಳುತ್ತದೆ. ಒಣಗಿದಾಗ ಅದರಲ್ಲಿ ಗಾಳಿ ತುಂಬಿ ಬೇರು ಬೆಳ್ಳಿ ಬಣ್ಣಕ್ಕೆ ಕಾಣುತ್ತದೆ. ಒದ್ದೆಯಾದಾಗ ಹೊದಿಕೆ ಪಾರದರ್ಶಕವಾಗಿ ಒಳಗಿನ ಹಸಿರು ಕಾಣುತ್ತದೆ. ಸ್ವಲ್ಪ ನೀರು ಚಿಮುಕಿಸಿ ನೋಡಿ, ಬೆಳ್ಳಿ ಬೇರು ಕಣ್ಣೆದುರೇ ಹಸಿರಾಗುತ್ತದೆ. ಆದರೆ ಹೊದಿಕೆ ಸತ್ತ ಕೋಶಗಳದ್ದೇ ಆದ್ದರಿಂದ, ಒಳಗೆ ಜೀವ ಇಲ್ಲದ ಬೇರೂ ನೀರು ಹೀರೀತು. ಹಸಿರು ಬಣ್ಣ ಕಂಡರೆ ಒಳಗೆ ಜೀವ ಇದೆ, ಒದ್ದೆ ಮಾಡಿದ ಮೇಲೂ ಕಂದು ಅಥವಾ ಬೂದು ಬಣ್ಣವೇ ಉಳಿದರೆ ಅನುಮಾನ ಪಡಿ.

ಅನುಮಾನ ಅಷ್ಟೇ, ತೀರ್ಮಾನ ಅಲ್ಲ. ಕುಂಡದ ಒಳಗಡೆ ಬೆಳಕು ಬೀಳದ ಬೇರು ಹಳದಿಯಾಗೋ ಕಂದಾಗೋ ಇರುತ್ತದೆ, ಮಣ್ಣಿನ ಬದಲು ಕುಂಡಕ್ಕೆ ತುಂಬುವ ಮರದ ತೊಗಟೆ ಚೂರಿನ ಒಗರು ಬಣ್ಣವೂ ಅದಕ್ಕೆ ಅಂಟಿರುತ್ತದೆ. ಬಣ್ಣ ನೋಡಿ ಕತ್ತರಿಸಿದರೆ ಒಳ್ಳೇ ಬೇರೇ ಹೋಗುತ್ತದೆ. ಬೆರಳಿನಿಂದ ಮೆತ್ತಗೆ ಒತ್ತಿ ನೋಡಿ. ಗಟ್ಟಿಯಾಗಿದ್ದರೆ ಜೀವಂತ, ಬಣ್ಣ ಏನೇ ಇರಲಿ. ಚಪ್ಪಟೆಯಾದರೆ, ಕಂದು ನೀರು ಹೊರಬಂದರೆ, ಅಥವಾ ಹೊದಿಕೆ ಜಾರಿ ಕೈಗೆ ಬಂದು ನಡುವೆ ದಾರದಂಥ ಎಳೆ ಮಾತ್ರ ಉಳಿದರೆ ಆ ಬೇರಿನ ಕಥೆ ಮುಗಿದಿದೆ. ಬಣ್ಣಕ್ಕಿಂತ ಬೆರಳನ್ನು ನಂಬಿ.

ಕುಂಡ ಬಿಚ್ಚದೆ ನೋಡುವ ಇನ್ನೊಂದು ದಾರಿ ತೂಕ. ನೀರು ಹಾಕಿದ ದಿನ ಒಮ್ಮೆ ಎತ್ತಿ ನೋಡಿ, ಮೂರ್ನಾಲ್ಕು ದಿನ ಬಿಟ್ಟು ಮತ್ತೆ ಎತ್ತಿ. ಕೈಗೆ ಬೇಗ ಅಭ್ಯಾಸವಾಗುತ್ತದೆ. ಎಲೆ ಸುಕ್ಕಾಗಿದೆ, ಕುಂಡ ಹಗುರ, ಬೇರು ಬೆಳ್ಳಿ ಬಣ್ಣ: ಬಾಯಾರಿಕೆ. ಎಲೆ ಸುಕ್ಕಾಗಿದೆ, ಕುಂಡ ಭಾರ, ಒಳಗೋಡೆಯಲ್ಲಿ ಹನಿ ಕಟ್ಟಿದೆ: ಕೊಳೆತ. ಎರಡನೇದಾದರೆ ಇವತ್ತೇ ಬಿಚ್ಚಿ, ಹೂ ಇದ್ದರೂ ಸರಿ.

ಬೇರು ಗಟ್ಟಿಯಾಗಿದೆ, ಆದರೂ ಎಲೆ ಸುಕ್ಕು

ಇದು ಸುಲಭದ ಕೇಸು. ತೊಗಟೆ ಚೂರು ಪೂರ್ತಿ ಒಣಗಿದರೆ ಮತ್ತೆ ನೀರು ಹಿಡಿಯುವುದಿಲ್ಲ, ಮೇಲಿಂದ ಹಾಕಿದ ನೀರು ಸರ್ರನೆ ಕೆಳಗೆ ಹೋಗಿಬಿಡುತ್ತದೆ. ನೀವು ದಿನಾ ನೀರು ಹಾಕುತ್ತಿರುತ್ತೀರಿ, ಗಿಡಕ್ಕೆ ಮಾತ್ರ ಸಿಕ್ಕಿರುವುದಿಲ್ಲ. ಸುಳಿ ಮುಳುಗದ ಹಾಗೆ ಕುಂಡವನ್ನು 15ರಿಂದ 20 ನಿಮಿಷ ನೀರಿನಲ್ಲಿ ಕೂರಿಸಿ, ಎತ್ತಿ, ಪೂರ್ತಿ ಬಸಿಯಲು ಬಿಡಿ. ಮರದ ತುಂಡಿಗೆ ಕಟ್ಟಿದ ಗಿಡವಾದರೆ ಬೇರಿನ ಸುತ್ತ ಏನೂ ಇರುವುದಿಲ್ಲ, ಸೆಕೆಗಾಲದಲ್ಲಿ ದಿನಾ ಬೇಕು, ಒಣ ಗಾಳಿ ಇದ್ದರೆ ಎರಡು ಸಲವೂ ಬೇಕಾಗಬಹುದು.

ಬೇರೆಲ್ಲಾ ಗಟ್ಟಿ, ತುದಿ ಮಾತ್ರ ಕಪ್ಪಾಗಿ ಸುಟ್ಟಂತಿದ್ದರೆ ಲವಣದ ತೊಂದರೆ ನೋಡಿ. ತೊಗಟೆಯ ಮೇಲೋ ಕುಂಡದ ಅಂಚಿನಲ್ಲೋ ಬಿಳಿ ಪೊರೆ ಕಟ್ಟಿರುತ್ತದೆ. ಗಡಸು ನೀರು, ಇಲ್ಲಾ ಜಾಸ್ತಿ ಗೊಬ್ಬರ, ಇಲ್ಲಾ ಎರಡೂ. ಕಾಡಿನಲ್ಲಿ ಈ ಗಿಡಕ್ಕೆ ಸಿಗುವುದು ಮಳೆ ನೀರು ಮತ್ತು ಕೊಂಬೆಯಿಂದ ತೊಳೆದು ಬರುವ ಚೂರುಪಾರು ಪೋಷಕಾಂಶ, ಅದಕ್ಕೆ ಅಷ್ಟೇ ಸಾಕು. ಗೊಬ್ಬರವನ್ನು ಡಬ್ಬಿಯ ಮೇಲೆ ಬರೆದ ಪ್ರಮಾಣದ ಕಾಲು ಭಾಗಕ್ಕೆ ಇಳಿಸಿ, ತಿಂಗಳಿಗೊಮ್ಮೆಯಾದರೂ ಬರೀ ನೀರನ್ನು ಧಾರಾಳವಾಗಿ ಹರಿಸಿ ತೊಳೆಯಿರಿ. ಮಳೆ ನೀರು ಸಿಕ್ಕರೆ ಅದಕ್ಕಿಂತ ಒಳ್ಳೇದು ಇಲ್ಲ. ಮನೆಯ ಸಾಫ್ಟ್‌ನರ್ ಯಂತ್ರದಿಂದ ಬಂದ ನೀರು ಬೇಡವೇ ಬೇಡ, ಅದರಲ್ಲಿ ಸುಣ್ಣದ ಬದಲು ಸೋಡಿಯಂ ಸೇರಿರುತ್ತದೆ.

ಬೇರು ಕೊಳೆತಿದೆ

ಕೊಳೆಯಲು ಕಾರಣ ನೀರೊಂದೇ ಅಲ್ಲ, ಗಾಳಿ ಇಲ್ಲದಿರುವುದು. ಕೊಂಬೆಗೆ ಅಂಟಿಕೊಂಡ ಬೇರು ದಿನವಿಡೀ ಮಳೆಯಲ್ಲಿ ನೆನೆದರೂ ಕೊಳೆಯುವುದಿಲ್ಲ, ಯಾಕೆಂದರೆ ಸುತ್ತ ಗಾಳಿ ಆಡುತ್ತಿರುತ್ತದೆ. ಹಾಗಾಗಿ ಬೇರೆ ಕುಂಡಕ್ಕೆ ಹಾಕುವ ಮೊದಲು ಗಾಳಿ ಎಲ್ಲಿ ಕಟ್ಟಿಕೊಂಡಿತು ಅಂತ ಹುಡುಕಿ.

ಹೊಸದಾಗಿ ತಂದ ಗಿಡ ಆಗಿದ್ದರೆ ಮೊದಲು ನಡುಭಾಗ ನೋಡಿ. ಸಸಿಯಾಗಿದ್ದಾಗ ನರ್ಸರಿಯಲ್ಲಿ, ನೀರು ಹಿಡಿದಿಡುವ ಪಾಚಿಯಾದ ಸ್ಫ್ಯಾಗ್ನಮ್ ಮಾಸ್‌ನ ಒಂದು ಸಣ್ಣ ಉಂಡೆಯಲ್ಲಿ ನೆಟ್ಟಿರುತ್ತಾರೆ, ಆಮೇಲೆ ಅದನ್ನು ತೆಗೆಯದೆ ಸುತ್ತ ತೊಗಟೆ ತುಂಬಿ ದೊಡ್ಡ ಕುಂಡಕ್ಕೆ ಹಾಕಿರುತ್ತಾರೆ. ಕೆಲವೊಮ್ಮೆ ಉಂಡೆಯ ಸುತ್ತ ಪ್ಲಾಸ್ಟಿಕ್ ಜಾಲರಿಯೂ ಇರುತ್ತದೆ. ಮೇಲೆ ತೊಗಟೆ ಒಣಗಿ ಗರಿಗರಿ, ನಡುವೆ ಕಾಂಡದ ಬುಡಕ್ಕೆ ಸರಿಯಾಗಿ ಒದ್ದೆ ಉಂಡೆ. ಎಷ್ಟೇ ಎಚ್ಚರಿಕೆಯಿಂದ ನೀರು ಹಾಕಿದರೂ ಗಿಡ ಸೊರಗುತ್ತಿದೆ ಅನ್ನುವವರು ಒಮ್ಮೆ ಆ ನಡುಭಾಗಕ್ಕೆ ಬೆರಳಿಟ್ಟು ನೋಡಬೇಕು. ಚಿಮಟದಿಂದ ಎಳೆ ಎಳೆಯಾಗಿ ಬಿಡಿಸಿ ತೆಗೆಯಿರಿ, ಅವಸರ ಬೇಡ.

ಹಳೇ ಗಿಡವಾದರೆ ತೊಗಟೆಯೇ ಕಾರಣ ಇರಬಹುದು. ಸುಮಾರು ಎರಡು ವರ್ಷಕ್ಕೆ ಅದು ಪುಡಿಯಾಗಿ, ಚೂರುಗಳ ನಡುವಿನ ಸಂದು ಮುಚ್ಚಿ ಮಣ್ಣಿನಂತಾಗುತ್ತದೆ. ಬೆರಳಲ್ಲಿ ಹಿಸುಕಿದರೆ ಮೆದುವಾಗಿ ಒಡೆಯುತ್ತದೆ. ಕುಂಡದ ಮೇಲೆ ಸಣ್ಣ ಕಪ್ಪು ನೊಣಗಳು ಹಾರುತ್ತಿದ್ದರೂ ಅದೇ ಸೂಚನೆ. ಉಳಿದ ಕಾರಣಗಳು ಸುಲಭವಾಗಿ ಕಾಣುತ್ತವೆ: ತೂತಿಲ್ಲದ ಅಲಂಕಾರದ ಹೊರಕುಂಡದಲ್ಲಿ ನಿಂತ ನೀರು, ಒತ್ತಿ ತುಂಬಿದ ಮಾಸ್, ಗಿಡಕ್ಕಿಂತ ತೀರಾ ದೊಡ್ಡ ಕುಂಡ.

ಮಾಡಬೇಕಾದ್ದು: ಹಳೇ ಸರಕು ಪೂರ್ತಿ ತೆಗೆದು ಬೇರು ತೊಳೆಯಿರಿ. ಕತ್ತರಿಯನ್ನು ಬೆಂಕಿಯಲ್ಲಿ ಕಾಯಿಸಿ ಆರಿಸಿ, ಮೆತ್ತಗಾದ ಬೇರನ್ನೆಲ್ಲ ಗಟ್ಟಿ ಭಾಗದವರೆಗೆ ಕತ್ತರಿಸಿ. ಹೊದಿಕೆ ಹೋಗಿ ದಾರ ಮಾತ್ರ ಉಳಿದ ಬೇರು ಒಂದೆರಡಿದ್ದರೆ ಬಿಟ್ಟರೂ ಸರಿ, ಗಿಡ ಅಲ್ಲಾಡದೆ ನಿಲ್ಲಲು ಸಹಾಯವಾಗುತ್ತದೆ. ಗಾಯ ಆರಲು ಕೆಲವು ಗಂಟೆ ಹೊರಗಿಡಿ. ಬೇರಿಗೆ ದಾಲ್ಚಿನ್ನಿ ಪುಡಿ ಉದುರಿಸಬೇಡಿ. ಎಲೆ ಕತ್ತರಿಸಿದ ಗಾಯಕ್ಕೆ ಅದು ಸರಿ, ಬೇರಿಗೆ ಬಿದ್ದರೆ ಒಣಗಿಸಿಬಿಡುತ್ತದೆ. ಹೈಡ್ರೋಜನ್ ಪೆರಾಕ್ಸೈಡ್ ಕೂಡ ಬೇಡ, ಸುಮ್ನೆ ನೊರೆ ನೋಡಿ ಖುಷಿಪಡುವಷ್ಟರಲ್ಲಿ ಜೀವಂತ ಅಂಗಾಂಶವೂ ಸುಡುತ್ತದೆ. ಆಮೇಲೆ ಉಳಿದ ಬೇರಿಗೆ ತಕ್ಕ ಚಿಕ್ಕ ಕುಂಡ, ಹೊಸ ತೊಗಟೆ. ಎಲೆಯ ಗಾತ್ರ ನೋಡಿ ಕುಂಡ ಆರಿಸಬೇಡಿ.

ಬೇರು ಒಂದೂ ಉಳಿಯದಿದ್ದರೂ ಎಸೆಯಬೇಡಿ. ಹೂದಂಡೆ (ಹೂ ಬಿಡುವ ಕಡ್ಡಿ) ಇದ್ದರೆ ಬೇಸರವಾದರೂ ಕತ್ತರಿಸಿ, ಅದು ಎಲೆಯಲ್ಲಿರುವ ಕೊನೆಯ ನೀರನ್ನು ಎಳೆಯುತ್ತಿರುತ್ತದೆ. ಮುಚ್ಚಳ ಇರುವ ಪಾರದರ್ಶಕ ಡಬ್ಬಿಯ ತಳಕ್ಕೆ ಹಿಂಡಿದ ಒದ್ದೆ ಮಾಸ್ ಹರಡಿ, ಅದರ ಮೇಲೆ ಗಿಡವನ್ನು ಸುಮ್ಮನೆ ಇಡಿ, ಹೂಳಬೇಡಿ. 22ರಿಂದ 28 ಡಿಗ್ರಿ ಸೆಲ್ಸಿಯಸ್ ಬಿಸಿ, ನೇರ ಬಿಸಿಲಿಲ್ಲದ ಬೆಳಕು, ದಿನಕ್ಕೊಮ್ಮೆ ಮುಚ್ಚಳ ತೆಗೆದು ಗಾಳಿ. ಗೊಬ್ಬರ ಬೇಡ. ಡಬ್ಬಿಗೆ ನೇರ ಬಿಸಿಲು ಬಿದ್ದರೆ ಒಳಗೆ ಬೆಂದುಹೋಗುತ್ತದೆ, ಇದನ್ನು ಮರೆಯಬೇಡಿ. ವಾರಗಳು, ಕೆಲವೊಮ್ಮೆ ತಿಂಗಳುಗಳು ಏನೂ ಆಗದ ಹಾಗೆ ಕಾಣುತ್ತದೆ. ಆಮೇಲೆ ಒಂದು ದಿನ ಎಲೆಯ ಬುಡದಲ್ಲಿ ಕಾಂಡ ಸೀಳಿಕೊಂಡು ಒಂದು ಹಸಿರು ಗುಬುಟು ಬರುತ್ತದೆ. ಅಲ್ಲಿಂದ ಮುಂದೆ ಕಷ್ಟ ಇಲ್ಲ.

ಸುಳಿ ಕೊಳೆತರೆ

ಈ ಗಿಡಕ್ಕೆ ಬೆಳೆಯುವ ತುದಿ ಒಂದೇ. ನಡುವಿನ ಎಳೇ ಎಲೆ ಕಂದಾಗಿ, ಮೆಲ್ಲಗೆ ಎಳೆದರೆ ಬುಡದಿಂದ ಕಿತ್ತು ಬಂದರೆ ಸುಳಿ ಕೊಳೆತಿದೆ. ಸುಳಿಯಲ್ಲಿ ರಾತ್ರಿಯಿಡೀ ನೀರು ನಿಂತಿದ್ದೇ ಸಾಮಾನ್ಯ ಕಾರಣ. ಕಾಡಿನಲ್ಲಿ ಎಲೆಗಳು ಕೆಳಮುಖವಾಗಿ ಜೋತುಬಿದ್ದಿರುತ್ತವೆ, ನೀರು ತಾನಾಗಿ ಇಳಿದುಹೋಗುತ್ತದೆ. ಕುಂಡದಲ್ಲಿ ನಾವು ನೆಟ್ಟಗೆ ನಿಲ್ಲಿಸುತ್ತೇವೆ. ಸ್ವಲ್ಪ ಓರೆಯಾಗಿ ನೆಟ್ಟರೆ ಈ ತೊಂದರೆ ಮುಕ್ಕಾಲು ಕಡಿಮೆ, ನೋಡಲು ಚಂದ ಇಲ್ಲ ಅನ್ನುವವರಿಗೂ ನಾನು ಇದನ್ನೇ ಹೇಳುತ್ತೇನೆ. ನೀರು ಬೆಳಿಗ್ಗೆ ಹಾಕಿ, ಸುಳಿಯಲ್ಲಿ ನಿಂತದ್ದನ್ನು ಟಿಶ್ಯೂ ಪೇಪರಿನ ಮೂಲೆಯಿಂದ ಹೀರಿ ತೆಗೆಯಿರಿ.

ಕೊಳೆತು ಆಗಿದ್ದರೆ ಮೆತ್ತಗಾದದ್ದನ್ನು ತೆಗೆದು, ಒಣಗಿಸಿ, ದಾಲ್ಚಿನ್ನಿ ಪುಡಿ ಹಾಕಿ ಗಾಳಿ ಆಡುವ ಕಡೆ ಇಡಿ. ಆ ತುದಿ ಮತ್ತೆ ಬೆಳೆಯುವುದಿಲ್ಲ. ಆದರೆ ಕೆಳಗಿನ ಎಲೆ, ಬೇರು ಚೆನ್ನಾಗಿದ್ದರೆ ಬುಡದಿಂದ ಮರಿ ಬರುವ ಸಾಧ್ಯತೆ ಇದೆ. ಅದರಲ್ಲೂ ಈಕ್ವೆಸ್ಟ್ರಿಸ್ ಮರಿ ಹಾಕುವುದರಲ್ಲಿ ಧಾರಾಳಿ. ಕಾಯಿರಿ.

ಎಲೆಯ ಮೇಲೆ ಕಲೆ

ಕಲೆ ಒಣಗಿದೆಯಾ, ಒದ್ದೆಯಾ? ನಿನ್ನೆಗಿಂತ ಇವತ್ತು ದೊಡ್ಡದಾಗಿದೆಯಾ? ಈ ಎರಡು ಪ್ರಶ್ನೆಗೆ ಉತ್ತರ ಸಿಕ್ಕರೆ ಬಹುಪಾಲು ಗೊತ್ತಾದ ಹಾಗೆ. ಕಲೆಯ ಅಂಚಿಗೆ ಪೆನ್ನಿನಿಂದ ಗೆರೆ ಹಾಕಿಡಿ.

ಬಿಸಿಲಿಗೆ ಸುಟ್ಟ ಕಲೆ ಮೊದಲು ಬೆಳ್ಳಗಾಗಿ, ಆಮೇಲೆ ಕಂದಾಗಿ ಕಾಗದದಂತೆ ಒಣಗುತ್ತದೆ. ಬೆಳಕಿಗೆ ಮುಖ ಮಾಡಿದ ಎಲೆಯಲ್ಲೇ ಇರುತ್ತದೆ, ಗೆರೆ ದಾಟುವುದಿಲ್ಲ. ಎಲೆ ಕತ್ತರಿಸಬೇಡಿ, ಉಳಿದ ಹಸಿರು ಕೆಲಸ ಮಾಡುತ್ತಿರುತ್ತದೆ. ಗಿಡವನ್ನು ಸರಿಸಿ, ಅಷ್ಟೇ. ಮಧ್ಯಾಹ್ನ ಎಲೆ ಮುಟ್ಟಿದರೆ ಬಿಸಿ ತಾಗಬಾರದು.

ನೀರಾದ, ಪಾರದರ್ಶಕವಾದ, ಸುತ್ತ ಹಳದಿ ಅಂಚಿರುವ ಕಲೆ ಒಂದೆರಡು ದಿನದಲ್ಲಿ ಗೆರೆ ದಾಟಿದರೆ ಅದು ಬ್ಯಾಕ್ಟೀರಿಯಾ. ಕೆಟ್ಟ ವಾಸನೆ ಬಂದರೆ ಇನ್ನೂ ಖಚಿತ. ಇದಕ್ಕೆ ನಾಳೆ ಅನ್ನಬೇಡಿ. ಕಲೆಯಿಂದ ಒಂದೆರಡು ಸೆಂ.ಮೀ. ಒಳಗೆ, ಪೂರ್ತಿ ಹಸಿರಿರುವ ಕಡೆ ಕತ್ತರಿಸಿ, ಪ್ರತಿ ಸಲ ಕತ್ತರಿಸುವ ಮೊದಲು ಉಪಕರಣ ಕಾಯಿಸಿ, ಗಿಡವನ್ನು ಬೇರೆಯವುಗಳಿಂದ ದೂರ ಇಡಿ, ಕೆಲವು ದಿನ ಎಲೆಗೆ ನೀರು ತಾಗಿಸಬೇಡಿ. ಸುಳಿಗೆ ಮುಟ್ಟುವ ಮೊದಲು ತಡೆದರೆ ಗಿಡ ಉಳಿಯುತ್ತದೆ.

ಎಲೆಯಲ್ಲಿ ಗುಳಿ ಬಿದ್ದ ಹಾಗೆ ಒಳಗೆ ಕುಸಿದ ಕಲೆಗಳಿದ್ದರೆ ಚಳಿ ಅಥವಾ ಕೊರೆಯುವ ತಣ್ಣೀರಿನ ಏಟು. ಕಲೆ ಕಾಣಿಸುವ ಹೊತ್ತಿಗೆ ಆ ಚಳಿ ಯಾವತ್ತು ತಾಗಿತು ಅನ್ನುವುದೇ ಮರೆತಿರುತ್ತದೆ. ರೋಗ ಅಲ್ಲ, ಹರಡುವುದಿಲ್ಲ.

ಹೂ ಬರುತ್ತಿಲ್ಲ, ಬಂದರೆ ಮೊಗ್ಗು ಉದುರುತ್ತದೆ

ಎಲೆ ಕಡು ಹಸಿರಾಗಿ ಉದ್ದುದ್ದ ಜೋತುಬಿದ್ದಿದ್ದರೆ ಬೆಳಕು ಸಾಲದು. ನೋಡಲು ಆರೋಗ್ಯವಾಗಿ ಕಾಣುತ್ತದೆ, ಅದಕ್ಕೇ ಜನ ಮೋಸ ಹೋಗುತ್ತಾರೆ. ಬೇಕಾದ್ದು ಸುಮಾರು 10,000ದಿಂದ 15,000 ಲಕ್ಸ್. ಬೆಳಕು ಅಳೆಯುವ ಲಕ್ಸ್ ಮೀಟರ್ ಇಲ್ಲದಿದ್ದರೆ ಎಲೆಯ ಮೇಲೆ ಒಂದಡಿ ಎತ್ತರದಲ್ಲಿ ಕೈ ಹಿಡಿಯಿರಿ. ಅಂಚು ಮಸುಕಾದ ನೆರಳು ಬಿದ್ದರೆ ಸರಿ. ಚೂಪಾದ ನೆರಳಾದರೆ ಜಾಸ್ತಿ, ನೆರಳೇ ಬೀಳದಿದ್ದರೆ ಕಡಿಮೆ.

ಬೆಳಕು ಸರಿಯಿದ್ದೂ ದಂಡೆ ಬರದಿದ್ದರೆ ರಾತ್ರಿ ತಂಪು ಬೇಕು. ಮಿಶ್ರತಳಿಗಳಲ್ಲಿ ಹಗಲು 25 ಡಿಗ್ರಿ, ರಾತ್ರಿ 20ರ ಆಸುಪಾಸು ಕೆಲವು ವಾರ ಸಿಕ್ಕರೆ ದಂಡೆ ಹೊರಡುತ್ತದೆ. 28 ದಾಟಿಕೊಂಡೇ ಇದ್ದರೆ ಹೊರಡುವುದಿಲ್ಲ, ಅಥವಾ ದಂಡೆಯ ಗೆಣ್ಣಿನಲ್ಲಿ ಹೂವಿನ ಬದಲು ಮರಿ ಬರುತ್ತದೆ. ಇನ್ನೊಂದು ಮಾತು, ಈಕ್ವೆಸ್ಟ್ರಿಸ್‌ನ ಹೂ ಮುಗಿದ ದಂಡೆ ಹಸಿರಾಗಿಯೇ ಇದ್ದರೆ ಕತ್ತರಿಸಬೇಡಿ. ಅದೇ ದಂಡೆ ಕವಲೊಡೆದು ಮತ್ತೆ ಹೂ ಬಿಡುತ್ತದೆ. ಹೂ ಬರ್ತಿಲ್ಲ ಅನ್ನುವವರಲ್ಲಿ ಕೆಲವರ ತೊಂದರೆ ಕತ್ತರಿಯೇ.

ಮೊಗ್ಗು ಹಳದಿಯಾಗಿ ಉದುರಿದರೆ ಕಳೆದ ಒಂದೆರಡು ವಾರದಲ್ಲಿ ಏನು ಬದಲಾಯಿತು ಅಂತ ಯೋಚಿಸಿ. ಗಿಡದ ಜಾಗ ಬದಲಾಯಿತಾ, ಎಸಿಯ ಗಾಳಿ ನೇರ ಬೀಸುತ್ತಿದೆಯಾ, ಬೇರು ಒಣಗಿತ್ತಾ? ಇದಾವುದೂ ಅಲ್ಲ ಅಂದರೆ ಹತ್ತಿರದಲ್ಲಿ ಹಣ್ಣಿನ ಬುಟ್ಟಿ ಇದೆಯಾ ನೋಡಿ. ಮಾಗುವ ಬಾಳೆ, ಸೇಬು ಬಿಡುವ ಎಥಿಲೀನ್ ಅನಿಲಕ್ಕೆ ಮೊಗ್ಗು ನಿಲ್ಲುವುದಿಲ್ಲ.

ಹುಳ

ಹಿಟ್ಟು ತಿಗಣೆ ಎಲೆಯ ಸಂದಿಯಲ್ಲಿ, ಹೂವಿನ ಹಿಂದೆ ಬಿಳಿ ಹತ್ತಿಯಂತೆ ಕೂತಿರುತ್ತದೆ. ಶಲ್ಕ ಕೀಟ ಎಲೆಯ ಅಡಿ ನಡುನರದ ಪಕ್ಕ ಕಂದು ಚುಕ್ಕೆಯಾಗಿ ಅಂಟಿರುತ್ತದೆ, ಉಗುರಿನಿಂದ ಎತ್ತಿದರೆ ಏಳುತ್ತದೆ. ಎರಡಕ್ಕೂ 70 ಶೇಕಡಾ ಐಸೋಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಕಿವಿ ಕಡ್ಡಿ, ವಾರಕ್ಕೊಮ್ಮೆಯಂತೆ ಕೆಲವು ವಾರ, ಯಾಕೆಂದರೆ ಮೊಟ್ಟೆ ಒಂದೇ ಸಲಕ್ಕೆ ಹೋಗುವುದಿಲ್ಲ. ಸುಳಿಗೆ ಸುರಿಯಬೇಡಿ. ಎಲೆಯ ಅಡಿ ಬೆಳ್ಳಿ ಹೊಳಪು, ಸೂಕ್ಷ್ಮ ಚುಕ್ಕೆ ಇದ್ದರೆ ನುಸಿ. ಒಣ ಗಾಳಿಯಲ್ಲಿ ಜಾಸ್ತಿ, ಒದ್ದೆ ಬಟ್ಟೆಯಿಂದ ಎಲೆಯ ಎರಡೂ ಬದಿ ಒರೆಸುತ್ತಾ ಬನ್ನಿ. ಬೇರಿನ ಹಸಿರು ತುದಿ ರಾತ್ರಿ ಬೆಳಗಾಗುವುದರಲ್ಲಿ ಮಾಯವಾದರೆ ಬಸವನ ಹುಳು, ಟಾರ್ಚ್ ಹಿಡಿದು ರಾತ್ರಿ ಹುಡುಕಿ.

ಹೂವಿನಲ್ಲಿ ಬಣ್ಣ ಒಡೆದ ಪಟ್ಟೆ, ಎಲೆಯಲ್ಲಿ ಉಂಗುರದಂಥ ಗುರುತು ಸಲ ಸಲವೂ ಬರುತ್ತಿದ್ದರೆ ವೈರಸ್ ಇರಬಹುದು. ಆರ್ಕಿಡ್‌ಗಳಲ್ಲಿ ಸಾಮಾನ್ಯವಾದ ಎರಡು, ಸಿಂಬಿಡಿಯಂ ಮೊಸಾಯಿಕ್ ಮತ್ತು ಒಡೊಂಟೊಗ್ಲಾಸಮ್ ರಿಂಗ್‌ಸ್ಪಾಟ್, ಎರಡಕ್ಕೂ ಪರೀಕ್ಷಾ ಪಟ್ಟಿ ಸಿಗುತ್ತದೆ. ಔಷಧಿ ಇಲ್ಲ. ಹರಡುವುದು ಮುಖ್ಯವಾಗಿ ನಮ್ಮ ಕತ್ತರಿಯಿಂದ, ಸ್ಪಿರಿಟ್ ಒರೆಸಿದರೆ ಇದಕ್ಕೆ ಸಾಲದು, ಬೆಂಕಿಯೇ ಬೇಕು. ಪರೀಕ್ಷೆಯಲ್ಲಿ ವೈರಸ್ ಖಚಿತವಾದರೆ ಮನಸ್ಸು ಗಟ್ಟಿ ಮಾಡಿಕೊಂಡು ಎಸೆಯುವುದೇ ಸರಿ ಅಂತ ನನ್ನ ಅಭಿಪ್ರಾಯ, ಪಕ್ಕದ ಗಿಡಗಳ ಮೇಲಿನ ಪ್ರೀತಿಯಿಂದಲಾದರೂ.

ದೋಷವೇ ಅಲ್ಲದವು

ಕೆಳಗಿನ ಒಂದು ಎಲೆ ನಿಧಾನವಾಗಿ ಹಳದಿಯಾಗಿ ಉದುರುವುದು ವಯಸ್ಸು. ಮೇಲಿನ ಎಲೆ, ಅಥವಾ ಒಟ್ಟಿಗೆ ಎರಡು ಮೂರು ಎಲೆ ಹಳದಿಯಾದರೆ ಮಾತ್ರ ಬೇರು ನೋಡಿ. ಕುಂಡದಿಂದ ಹೊರಗೆ ಗಾಳಿಯಲ್ಲಿ ಅಲೆಯುವ ಬೇರು ಈ ಗಿಡದ ಸಹಜ ಗುಣ, ಒಳಗೆ ತುರುಕಬೇಡಿ, ಮುರಿಯುತ್ತದೆ. ಮೊಗ್ಗಿನ ತೊಟ್ಟಿನಲ್ಲಿ ಸಿಹಿ ಅಂಟು ಹನಿ ಕಂಡರೆ ಗಾಬರಿ ಬೇಡ, ಗಿಡವೇ ಅದನ್ನು ಸುರಿಸುತ್ತದೆ. ಆದರೆ ಎಲೆಯ ಮೇಲೆಲ್ಲಾ ಅಂಟಾಗಿದ್ದರೆ ಶಲ್ಕ ಕೀಟ, ಹಿಟ್ಟು ತಿಗಣೆ ಹುಡುಕಿ. ಬುಡದಿಂದ ಹೊಸದಾಗಿ ಏನೋ ಹೊರಟಿದೆ, ದಂಡೆಯೋ ಬೇರೋ ಗೊತ್ತಾಗುತ್ತಿಲ್ಲ ಅಂದರೆ ತುದಿ ನೋಡಿ: ಬೇರಿನದು ನುಣುಪಾಗಿ ದುಂಡಗೆ ಹೊಳೆಯುತ್ತದೆ, ದಂಡೆಯದು ಚಪ್ಪಟೆ, ಪಕ್ಕದಲ್ಲಿ ಒಂದು ಸಣ್ಣ ಮಡಿಕೆ ಇರುತ್ತದೆ. ದಂಡೆಯ ಮೇಲೆ ಮರಿ ಬಂದಿದ್ದರೆ ಅದರ ಬೇರು ಎರಡು ಮೂರು ಇದ್ದು, 5 ಸೆಂ.ಮೀ. ಉದ್ದವಾಗುವ ತನಕ ತಾಯಿಯಿಂದ ಬೇರ್ಪಡಿಸಬೇಡಿ.